ಎರಡು ಪಿಬಿಎಕ್ಸ್ ನಡುವಿನ ಇ1 ಟ್ರಂಕ್ ಸರಿಯಾದದ್ದು ಹೀಗೆ

ಎರಡು ಪಿಬಿಎಕ್ಸ್‌ಗಳನ್ನು (ಕಚೇರಿಯೊಳಗಿನ ಟೆಲಿಫೋನ್ ಎಕ್ಸ್‌ಚೇಂಜ್) ಇ1 ಪಿಆರ್‌ಐ ಟ್ರಂಕ್‌ನಿಂದ, ಅಂದರೆ ಒಟ್ಟಿಗೆ ಹಲವು ಕರೆ ಒಯ್ಯುವ ಡಿಜಿಟಲ್ ಲೈನಿನಿಂದ, ಜೋಡಿಸಿದ್ದೆವು. ಎರಡೂ ಕಾರ್ಡಿನಲ್ಲಿ ಹಸಿರು ದೀಪ ಉರಿಯುತ್ತಿತ್ತು, ಕರೆ ಮಾತ್ರ ಹೋಗುತ್ತಿರಲಿಲ್ಲ. ಕೇಬಲ್ ಸರಿಯಿದೆ ಅಂದಮೇಲೆ ಉಳಿದದ್ದು ಸಿಗ್ನಲಿಂಗ್ (ಕರೆ ಜೋಡಿಸುವ ಸಂದೇಶಗಳು), ಅಲ್ವಾ? ಆ ಸಂದೇಶಗಳನ್ನು ದಾಖಲಿಸುವ ಟ್ರೇಸ್ ಹಾಕಿ ನೋಡಿದೆ. ಲೈನಿನ 16ನೇ ಟೈಮ್‌ಸ್ಲಾಟ್‌ನಲ್ಲಿ (ಪಾಲಿನಲ್ಲಿ) ಈ ಸಂದೇಶಗಳನ್ನು ಒಯ್ಯುವ ಡಿ-ಚಾನೆಲ್ ಶುರುವಾಗುತ್ತಲೇ ಇರಲಿಲ್ಲ. ಎರಡೂ ಕಡೆಯವು ಕೂಗುತ್ತಿದ್ದವು, ಯಾವುದೂ ಓಗೊಡುತ್ತಿರಲಿಲ್ಲ. ಕಾರಣ, ಎರಡೂ ಪಿಬಿಎಕ್ಸ್ ‘ಯೂಸರ್’ ಸೆಟ್ಟಿಂಗ್‌ನಲ್ಲೇ ಇದ್ದವು. ಟೆಲಿಫೋನ್ ಕಂಪನಿಯ ಲೈನಿಗೆ ಅದು ಸರಿ. ಪಿಬಿಎಕ್ಸ್‌ಗೆ ಪಿಬಿಎಕ್ಸ್ ಜೋಡಿಸುವಾಗ ಒಂದು ಕಡೆ ‘ನೆಟ್‌ವರ್ಕ್’ ಆಗಲೇಬೇಕು. ಬದಲಿಸಿದ ಕೂಡಲೇ ಕರೆ ಹೋಯಿತು.

ಆದರೆ ಮಾತಿನ ನಡುವೆ ಟಕ್ ಟಕ್ ಸದ್ದು, ಫ್ಯಾಕ್ಸ್ ಅರ್ಧಕ್ಕೇ ಕಡಿತ. ಸ್ಲಿಪ್ ಎಣಿಕೆ, ಅಂದರೆ ಎರಡು ಕಡೆಯ ಕ್ಲಾಕ್ (ವೇಗದ ತಾಳ) ಹೊಂದದೆ ಡೇಟಾ ತಪ್ಪುವ ಲೆಕ್ಕ, ಏರುತ್ತಲೇ ಇತ್ತು. ಹೊರಗಿನ ಲೈನಿನಿಂದ ಕ್ಲಾಕ್ ಪಡೆಯುವ ಪಿಬಿಎಕ್ಸನ್ನು ಮಾಸ್ಟರ್, ಇನ್ನೊಂದನ್ನು ಸ್ಲೇವ್ ಮಾಡಿದೆ. ಎಣಿಕೆ ಅಲ್ಲಿಗೇ ನಿಂತಿತು.