ಫೋಲ್ಡರ್ ಜೋಡಿಸಿದರೆ ಸಾಲದು, ಫೈಲ್ ನಕಲಾಗಬೇಕು
ಸೆಫ್‌ಎಫ್‌ಎಸ್‌ನಲ್ಲಿ ಸ್ಟೋರೇಜ್ ಖರ್ಚು ಇಳಿಸುವುದು ಹೇಗೆ?

ಹಲವು ಸರ್ವರ್‌ಗಳ ಡಿಸ್ಕ್ ಸೇರಿಸಿ ಒಂದೇ ಫೈಲ್ ಸಿಸ್ಟಮ್‌ನಂತೆ ಕೊಡುವ ಸೆಫ್‌ಎಫ್‌ಎಸ್ ನಡೆಸುವ ಎಷ್ಟೋ ಕಡೆ ಇದೇ ಕಥೆ. ಅಗ್ಗದ ಹಾರ್ಡ್ ಡಿಸ್ಕ್ ಮೇಲೆ ಪೂಲ್ (ಡೇಟಾ ಇಡುವ ವಿಭಾಗ) ಕಟ್ಟುತ್ತಾರೆ, ಹಳೇ ಫೋಲ್ಡರನ್ನು ಅದಕ್ಕೆ ಜೋಡಿಸುತ್ತಾರೆ. ತಿಂಗಳಾದರೂ ದುಬಾರಿ ಎಸ್‌ಎಸ್‌ಡಿ ಖಾಲಿಯಾಗುವುದಿಲ್ಲ.

ಮೊದಲು ಲೆಕ್ಕ. ಮೂರು ಪ್ರತಿ ಇಡುವ ಪೂಲ್‌ನಲ್ಲಿ 1 ಟಿಬಿ ಡೇಟಾಗೆ 3 ಟಿಬಿ ಡಿಸ್ಕ್ ಬೇಕು. 4+2 ಇರೇಷರ್ ಕೋಡಿಂಗ್‌ಗೆ, ಅಂದರೆ ಡೇಟಾವನ್ನು ನಾಲ್ಕು ತುಂಡು ಮಾಡಿ, ಕಳೆದುದನ್ನು ಮರಳಿ ಕಟ್ಟಲು ಇನ್ನೆರಡು ತುಂಡು ಸೇರಿಸಿ ಇಡುವುದಕ್ಕೆ, 1.5 ಟಿಬಿ ಸಾಕು. ಆದರೆ ಪ್ರತಿ ತುಂಡೂ ಬೇರೆ ಸರ್ವರ್‌ನಲ್ಲಿ ಇರಬೇಕಾದರೆ ಕನಿಷ್ಠ 6 ಸರ್ವರ್ ಬೇಕು. ಮೂರೇ ಇದ್ದರೆ ಹಾರ್ಡ್ ಡಿಸ್ಕ್ ಮೇಲೆ ಮೂರು ಪ್ರತಿ ಇಡಿ, ಅದೂ ಉಳಿತಾಯವೇ. ಡಿಸ್ಕ್ ಕೊಳ್ಳುವಾಗ ಅಗ್ಗ ಅಂತ ಎಸ್‌ಎಂಆರ್ (ಒಂದರ ಮೇಲೊಂದು ಹೊದ್ದ ಟ್ರ್ಯಾಕ್‌ಗಳ ಹಾರ್ಡ್ ಡಿಸ್ಕ್) ಮಾತ್ರ ತರಬೇಡಿ. ಕೆಟ್ಟ ಡಿಸ್ಕ್‌ನ ಡೇಟಾ ಮರಳಿ ಕಟ್ಟುವಾಗ ಜೀವ ಹಿಂಡುತ್ತದೆ.

ಹಂತ 1: ಎಸ್‌ಎಸ್‌ಡಿಗೊಂದು, ಹಾರ್ಡ್ ಡಿಸ್ಕ್‌ಗೊಂದು ಕ್ರಷ್ ರೂಲ್ (ಡೇಟಾ ಯಾವ ಡಿಸ್ಕ್‌ಗೆ ಹೋಗಬೇಕೆಂಬ ನಿಯಮ) ಮಾಡಿ.

ಹಂತ 2: ಮೆಟಾಡೇಟಾ ಪೂಲ್ (ಫೈಲ್ ಹೆಸರು, ಫೋಲ್ಡರ್‌ಗಳ ವಿವರ ಇರುವುದು) ಮತ್ತು ಮೊದಲ ಡೇಟಾ ಪೂಲ್ ಎಸ್‌ಎಸ್‌ಡಿಯಲ್ಲೇ, ಮೂರು ಪ್ರತಿಯಲ್ಲೇ ಇರಲಿ. ಇದರಲ್ಲಿ ರಾಜಿ ಬೇಡ. ಫೈಲ್ ಬೇರೆ ಪೂಲ್‌ನಲ್ಲಿದ್ದರೂ ಅದು ಎಲ್ಲಿದೆ ಎಂಬ ಗುರುತು ಮೊದಲ ಡೇಟಾ ಪೂಲ್‌ನಲ್ಲೇ ಉಳಿಯುತ್ತದೆ.

ಹಂತ 3: ಹಾರ್ಡ್ ಡಿಸ್ಕ್ ಮೇಲೆ 4+2 ಪೂಲ್ ಕಟ್ಟಿ, ಓವರ್‌ರೈಟ್ (ಬರೆದ ಡೇಟಾ ಮೇಲೆ ಮತ್ತೆ ಬರೆಯುವ ಅವಕಾಶ) ಆನ್ ಮಾಡಿ, ಫೈಲ್ ಸಿಸ್ಟಮ್‌ಗೆ ಸೇರಿಸಿ.

ಕ್ಯಾಶ್ ಟಿಯರಿಂಗ್ (ನಿಧಾನದ ಪೂಲ್ ಮುಂದೆ ವೇಗದ ಪೂಲ್ ಇಟ್ಟು ಡೇಟಾವನ್ನು ಸೆಫ್ ತಾನೇ ಸಾಗಿಸುವ ವಿಧಾನ) ಹಾಕಿದರೆ ಎಲ್ಲ ತಾನಾಗೇ ಆಗುತ್ತೆ ಅಂತ ಹೇಳುವವರಿದ್ದಾರೆ. ಆ ದಾರಿ ಬೇಡ. ಸೆಫ್‌ನ 2023ರ ರೀಫ್ ಆವೃತ್ತಿಯಲ್ಲೇ ಅದನ್ನು ಕೈಬಿಡುವ ಪಟ್ಟಿಗೆ ಸೇರಿಸಿದ್ದಾರೆ.

ಹಂತ 4: ಎಡವುವುದು ಇಲ್ಲೇ. ಫೋಲ್ಡರ್‌ಗೆ ಸೆಟ್‌ಫ್ಯಾಟರ್ (setfattr) ಕಮಾಂಡ್‌ನಿಂದ ಹೊಸ ಪೂಲ್ ಹಾಕಿದರೆ ಅದು ಮುಂದೆ ಹುಟ್ಟುವ ಫೈಲ್‌ಗಳಿಗೆ ಮಾತ್ರ. ಇದ್ದ ಫೈಲ್ ಅಲುಗಾಡುವುದಿಲ್ಲ. ಎಂವಿ (mv) ಕಮಾಂಡ್‌ನಿಂದ ಬೇರೆ ಫೋಲ್ಡರ್‌ಗೆ ಸರಿಸಿದರೂ ಅಷ್ಟೇ. ಮನೆ ಮುಂದಿನ ಬೋರ್ಡ್ ಬದಲಿಸಿದರೆ ಒಳಗಿನ ಸಾಮಾನು ಸಾಗುತ್ತದಾ? ನಕಲು ಮಾಡಲೇಬೇಕು. ಹೊಸ ಖಾಲಿ ಫೋಲ್ಡರ್ ತೆರೆದು, ಮೊದಲು ಪೂಲ್ ಹಾಕಿ, ಆಮೇಲೆ ನಕಲು ಮಾಡುವ ಆರ್‌ಸಿಂಕ್ (rsync) ಓಡಿಸಿ. ಹಾರ್ಡ್ ಲಿಂಕ್ (ಒಂದೇ ಫೈಲ್‌ಗೆ ಇರುವ ಇನ್ನೊಂದು ಹೆಸರು) ಉಳಿಸುವ ದೊಡ್ಡ ಎಚ್ (-H) ಆಯ್ಕೆ ಮರೆಯಬೇಡಿ, ಇಲ್ಲದಿದ್ದರೆ ಒಂದೇ ಫೈಲ್ ಎರಡಾಗಿ ಜಾಗ ತಿನ್ನುತ್ತದೆ. ಆ ಹೊತ್ತಿಗೆ ಯಾರೂ ಹಳೇ ಫೋಲ್ಡರ್‌ನಲ್ಲಿ ಬರೆಯುತ್ತಿರಬಾರದು. ನಕಲಾದ ನಾಲ್ಕಾರು ಫೈಲ್‌ಗೆ ಗೆಟ್‌ಫ್ಯಾಟರ್ (getfattr) ಹಾಕಿ ಪೂಲ್ ಹೆಸರು ಕಣ್ಣಾರೆ ನೋಡಿ. ಎರಡೂ ಕಡೆಯ ಚೆಕ್‌ಸಮ್ (ಫೈಲ್‌ನ ಒಳಗಿನದನ್ನು ತಾಳೆ ನೋಡುವ ಸಂಖ್ಯೆ) ಹೊಂದಿದ ಮೇಲೆ ಹಳೆಯದನ್ನು ಅಳಿಸಿ.

ಪೂಲ್ ಹಾಕುವಾಗ 'ಅನುಮತಿ ಇಲ್ಲ' ಅಂದರೆ ನೀವು ಬಳಸುವ ಕ್ಲೈಂಟ್‌ನ ಎಂಡಿಎಸ್ (ಮೆಟಾಡೇಟಾ ಸರ್ವರ್) ಹಕ್ಕಿನಲ್ಲಿ 'ಪಿ' (p) ಇದೆಯಾ ನೋಡಿ.

ಏನನ್ನು ಸಾಗಿಸಬೇಕು? ಹಳೇ ವಿಡಿಯೊ, ಬ್ಯಾಕಪ್, ಸ್ಕ್ಯಾನ್ ಮಾಡಿದ ದಾಖಲೆ. ಪುಟಾಣಿ ಫೈಲ್‌ಗಳ ರಾಶಿ ಬೇಡ. ಒಂದೊಂದೂ ಆರು ಡಿಸ್ಕ್‌ನಲ್ಲಿ ಜಾಗ ಹಿಡಿದು ಮೂರು ಪ್ರತಿಗಿಂತ ಜಾಸ್ತಿ ತಿನ್ನಬಹುದು. ಟಾರ್ (tar) ಕಮಾಂಡ್‌ನಿಂದ ಕಟ್ಟಿ ಒಂದೇ ಫೈಲ್ ಆಗಿಸಿ ಕಳಿಸಿ.

ಅಳಿಸಿದರೂ ಜಾಗ ಬರಲಿಲ್ಲವಾ? ಸ್ನ್ಯಾಪ್‌ಶಾಟ್ (ಫೋಲ್ಡರ್ ಆ ಕ್ಷಣದಲ್ಲಿ ಇದ್ದ ಸ್ಥಿತಿಯನ್ನು ಹಿಡಿದಿಡುವುದು) ನೋಡಿ. ಹಳೇ ಸ್ನ್ಯಾಪ್‌ಶಾಟ್ ಹೋಗುವವರೆಗೂ ಎಸ್‌ಎಸ್‌ಡಿ ತುಂಬಿಯೇ ಇರುತ್ತದೆ.