ಪತ್ರಪೆಟ್ಟಿಗೆಯ ಬೀಗದ ಕೈ ನಿಮ್ಮಲ್ಲೇ ಇರಲಿ: ಸ್ವತಂತ್ರ ಇಮೇಲ್ ತಂತ್ರಾಂಶವನ್ನು ಆರಿಸುವುದು ಹೇಗೆ?

ಅಪ್ಪ ತೀರಿಕೊಂಡ ಮೇಲೆ ಅವರ ಹಳೆಯ ಕಂಪ್ಯೂಟರಿನಲ್ಲಿ ಒಂದು ದೊಡ್ಡ ಕಡತ ಸಿಕ್ಕಿತು. ಹತ್ತು ವರ್ಷಗಳಲ್ಲಿ ಅವರು ಬರೆದ, ಅವರಿಗೆ ಬಂದ ಇಮೇಲ್‌ಗಳೆಲ್ಲ ಅದರೊಳಗಿದ್ದವು. ದೂರದ ಊರಿನಲ್ಲಿದ್ದ ಅಕ್ಕನಿಗೆ ವಾರಕ್ಕೊಂದರಂತೆ ಬರೆದ ಪತ್ರಗಳೂ ಇದ್ದವು. ಆದರೆ ಆ ಕಡತವನ್ನು ತೆರೆಯಬಲ್ಲ ತಂತ್ರಾಂಶವನ್ನು ತಯಾರಕರು ಎಂದೋ ಕೈಬಿಟ್ಟಿದ್ದರು. ಕಡತದ ಒಳರಚನೆ ಹೇಗಿದೆ ಎಂಬುದನ್ನು ಅವರು ಯಾರಿಗೂ ಹೇಳಿರಲಿಲ್ಲ. ಮೂರು ಭಾನುವಾರ ಕುಳಿತು ಹೆಣಗಾಡಿದ ಮೇಲೆ ಅರ್ಧದಷ್ಟು ಪತ್ರಗಳು ಹೊರಬಂದವು. ಉಳಿದರ್ಧ ಇಂದಿಗೂ ಅದರೊಳಗೇ ಇವೆ.

ಆದ್ದರಿಂದ ಇಮೇಲ್ ತಂತ್ರಾಂಶವನ್ನು ಆರಿಸುವಾಗ ನಾನು ಈಗ ಮೊದಲು ನೋಡುವುದು ಅದರ ಅಂದಚೆಂದವನ್ನಲ್ಲ. ನಾಳೆ ಇದನ್ನು ಬಿಟ್ಟು ಹೊರಟರೆ ನನ್ನ ಪತ್ರಗಳು ನನ್ನ ಜೊತೆ ಬರುತ್ತವೆಯೇ ಎಂದು ನೋಡುತ್ತೇನೆ.

ಉಚಿತ ಬೇರೆ, ಸ್ವತಂತ್ರ ಬೇರೆ

ಇಂಗ್ಲಿಷಿನಲ್ಲಿ ‘ಫ್ರೀ’ ಎಂಬ ಒಂದೇ ಪದಕ್ಕೆ ಎರಡು ಅರ್ಥ. ಅದರಿಂದಾಗಿ ಈ ವಿಷಯವನ್ನು ಮಾತನಾಡುವವರು ಪ್ರತಿ ಸಲವೂ ವಿವರಣೆ ಕೊಡಬೇಕಾಗುತ್ತದೆ. ಕನ್ನಡಕ್ಕೆ ಆ ತೊಡಕಿಲ್ಲ. ಕಾಸು ಕೊಡದೆ ಸಿಗುವುದು ಉಚಿತ, ನಮ್ಮ ಹಕ್ಕನ್ನು ನಮಗೇ ಬಿಟ್ಟುಕೊಡುವುದು ಸ್ವತಂತ್ರ. ಫೋನಿನಲ್ಲಿ ಮೊದಲೇ ಕೂತಿರುವ ಎಷ್ಟೋ ಇಮೇಲ್ ಆ್ಯಪ್‌ಗಳು ಉಚಿತ ಹೌದು, ಸ್ವತಂತ್ರ ಅಲ್ಲ.

ರಿಚರ್ಡ್ ಸ್ಟಾಲ್ಮನ್ 1985ರಲ್ಲಿ ಕಟ್ಟಿದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಇದಕ್ಕೆ ನಾಲ್ಕು ಅಳತೆಗಳನ್ನು ಹೇಳುತ್ತದೆ. ತಂತ್ರಾಂಶವನ್ನು ಯಾವ ಉದ್ದೇಶಕ್ಕಾದರೂ ಬಳಸಬಹುದು. ಅದರ ಮೂಲ ಸಂಕೇತವನ್ನು, ಅಂದರೆ ಅದನ್ನು ತಯಾರಿಸಲು ಬರೆದ ಸಾಲುಗಳನ್ನು, ಓದಿ ಬೇಕಾದಂತೆ ತಿದ್ದಿಕೊಳ್ಳಬಹುದು. ಪ್ರತಿಗಳನ್ನು ಬೇರೆಯವರಿಗೆ ಹಂಚಬಹುದು. ತಿದ್ದಿದ ಪ್ರತಿಯನ್ನೂ ಹಂಚಬಹುದು. ನಾಲ್ಕರಲ್ಲಿ ಒಂದು ಇಲ್ಲದಿದ್ದರೂ ಅದು ಸ್ವತಂತ್ರ ತಂತ್ರಾಂಶವಲ್ಲ.

‘ಮೂಲ ಸಂಕೇತ ಓದಲು ನನಗೆ ಬರುವುದಿಲ್ಲ, ನನಗೇನು ಉಪಯೋಗ?’ ಎಂದು ಹಲವರು ಕೇಳುತ್ತಾರೆ. ಉತ್ತರಕ್ಕೆ ಥಂಡರ್‌ಬರ್ಡ್ ಎಂಬ ಸ್ವತಂತ್ರ ಇಮೇಲ್ ತಂತ್ರಾಂಶದ ಕತೆಯನ್ನೇ ನೋಡಿ. 2012ರಲ್ಲಿ ಅದನ್ನು ತಯಾರಿಸುತ್ತಿದ್ದ ಮೊಜಿಲ್ಲಾ ಸಂಸ್ಥೆ ಈ ತಂತ್ರಾಂಶಕ್ಕೆ ಹೊಸದೇನನ್ನೂ ಸೇರಿಸುವ ಕೆಲಸ ಇನ್ನು ತನ್ನ ಆದ್ಯತೆಯಲ್ಲ ಎಂದು ಘೋಷಿಸಿತು. ಮುಚ್ಚಿದ ತಂತ್ರಾಂಶವಾಗಿದ್ದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಸಂಕೇತ ಎಲ್ಲರ ಕೈಯಲ್ಲಿದ್ದುದರಿಂದ ಸ್ವಯಂಸೇವಕರು ಅದನ್ನು ನಡೆಸಿಕೊಂಡು ಬಂದರು. ಈಗ ಅದು ಬಳಕೆದಾರರ ದೇಣಿಗೆಯಿಂದ ಸಂಬಳದ ತಂಡವನ್ನೇ ಇಟ್ಟುಕೊಂಡು ಬೆಳೆಯುತ್ತಿದೆ. ವಿಂಡೋಸ್ ಜೊತೆ ಬರುತ್ತಿದ್ದ ‘ಮೇಲ್’ ಆ್ಯಪ್‌ಗೆ ಮೈಕ್ರೋಸಾಫ್ಟ್ 2024ರ ಡಿಸೆಂಬರ್ 31ಕ್ಕೆ ಬೆಂಬಲ ನಿಲ್ಲಿಸಿತು. ಅದನ್ನೇ ನೆಚ್ಚಿಕೊಂಡವರು ಎಷ್ಟೇ ಜನರಿದ್ದರೂ ಅದನ್ನು ಎತ್ತಿಕೊಂಡು ಮುಂದುವರಿಸುವ ಹಕ್ಕು ಅವರಿಗಿರಲಿಲ್ಲ. ಒಂದು ಸಾಲು ಸಂಕೇತ ಓದಲು ಬಾರದವರಿಗೂ ಸಿಗುವ ಉಪಯೋಗ ಇದು.

ಮೊದಲು ಪರವಾನಗಿ ನೋಡಿ

ಅಳವಡಿಸುವ ಮುನ್ನ ತಂತ್ರಾಂಶದ ‘ಅಬೌಟ್’ ಪುಟವನ್ನೋ ಜಾಲತಾಣದ ತಳಭಾಗವನ್ನೋ ನೋಡಿ. ಜಿಪಿಎಲ್, ಎಂಪಿಎಲ್, ಅಪಾಚೆ ಮುಂತಾದ ಸ್ವತಂತ್ರ ಪರವಾನಗಿಯ ಹೆಸರಿದ್ದರೆ ಸರಿ. ಬರೀ ‘ಬಳಕೆಯ ಷರತ್ತುಗಳು’ ಎಂದಿದ್ದು ಮೂಲ ಸಂಕೇತದ ಸುದ್ದಿಯೇ ಇಲ್ಲದಿದ್ದರೆ ಅದನ್ನು ಬಿಟ್ಟು ಬೇರೆಯದನ್ನು ಹುಡುಕಿ. ಆಂಡ್ರಾಯ್ಡ್ ಫೋನಿನವರಿಗೆ ಎಫ್-ಡ್ರಾಯ್ಡ್ ಎಂಬ ಭಂಡಾರವೇ ಇದೆ. ಅಲ್ಲಿ ಸ್ವತಂತ್ರ ತಂತ್ರಾಂಶಗಳನ್ನು ಮಾತ್ರ ಇಡುತ್ತಾರೆ. ಬಳಕೆದಾರರ ಜಾಡು ಹಿಡಿಯುವಂಥ ಗುಣವೇನಾದರೂ ಇದ್ದರೆ ಪುಟದಲ್ಲೇ ಎಚ್ಚರಿಸುತ್ತಾರೆ.

ಯಾವುದು ಯಾರಿಗೆ?

ಹೆಚ್ಚಿನವರಿಗೆ ನನ್ನ ಸಲಹೆ ಥಂಡರ್‌ಬರ್ಡ್. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಫೋನಿನಲ್ಲಿ ಬಹುಕಾಲದಿಂದ ಹೆಸರು ಮಾಡಿದ್ದ ಕೆ-9 ಮೇಲ್ 2022ರಲ್ಲಿ ಇದೇ ಬಳಗಕ್ಕೆ ಸೇರಿತು. ಅದರ ಆಧಾರದ ಮೇಲೆ ಆಂಡ್ರಾಯ್ಡ್ ಥಂಡರ್‌ಬರ್ಡ್ 2024ರ ಅಕ್ಟೋಬರ್‌ನಲ್ಲಿ ಹೊರಬಂತು. ಆಂಡ್ರಾಯ್ಡ್ ಫೋನಿನಲ್ಲೇ ಎಲ್ಲ ಕೆಲಸ ಮಾಡುವವರು, ಸಣ್ಣಪುಟ್ಟ ಆಯ್ಕೆಗಳೂ ತಮ್ಮ ಕೈಯಲ್ಲಿರಬೇಕು ಎನ್ನುವವರು ಫೇರ್‌ಇಮೇಲ್ ನೋಡಬಹುದು.

ಮನೆಯಲ್ಲಿ ಕಡಿಮೆ ಮೆಮೊರಿಯ ಹಳೆಯ ಕಂಪ್ಯೂಟರ್ ಇದ್ದರೆ ಕ್ಲಾಸ್ ಮೇಲ್ ಹಾಕಿ. ಅದು ಬಹಳ ಹಗುರ, ಪ್ರತಿ ಪತ್ರವನ್ನೂ ಬೇರೆ ಬೇರೆ ಕಡತವಾಗಿ ಉಳಿಸುತ್ತದೆ. ಬಣ್ಣಬಣ್ಣದ ಅಕ್ಷರಗಳಲ್ಲಿ ಪತ್ರ ಬರೆಯಲು ಮಾತ್ರ ಅದು ಬಿಡುವುದಿಲ್ಲ. ಲಿನಕ್ಸ್ ಬಳಸುವವರಿಗೆ, ಅದರಲ್ಲೂ ಕಚೇರಿಯ ಎಕ್ಸ್‌ಚೇಂಜ್ (ಮೈಕ್ರೋಸಾಫ್ಟ್‌ನ ಇಮೇಲ್ ವ್ಯವಸ್ಥೆ) ಖಾತೆ ಇರುವವರಿಗೆ, ಎವಲ್ಯೂಶನ್ ಒಳ್ಳೆಯದು.

ಅಳವಡಿಸುವ ಬಗೆ

ಥಂಡರ್‌ಬರ್ಡನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. ಲಿನಕ್ಸ್ ಆದರೆ ನಿಮ್ಮ ವ್ಯವಸ್ಥೆಯ ತಂತ್ರಾಂಶ ಭಂಡಾರದಲ್ಲೇ ಸಿಗುತ್ತದೆ. ತೆರೆದ ಕೂಡಲೇ ಹೆಸರು ಮತ್ತು ಇಮೇಲ್ ವಿಳಾಸ ಕೇಳುತ್ತದೆ. ಹೆಸರಾಂತ ಸೇವೆಗಳ ಸರ್ವರ್ (ಪತ್ರಗಳನ್ನು ಇಟ್ಟು ರವಾನಿಸುವ ಕಂಪನಿಯ ಕಂಪ್ಯೂಟರ್) ವಿವರಗಳನ್ನು ತಾನೇ ಹುಡುಕಿಕೊಳ್ಳುತ್ತದೆ.

ಅಲ್ಲಿ ‘ಐಮ್ಯಾಪ್’ ಮತ್ತು ‘ಪಾಪ್’ ಎಂಬ ಎರಡು ದಾರಿಗಳು ಕಾಣುತ್ತವೆ. ಐಮ್ಯಾಪ್‌ನಲ್ಲಿ ಪತ್ರಗಳು ಸರ್ವರ್‌ನಲ್ಲೇ ಇದ್ದು ಫೋನು, ಕಂಪ್ಯೂಟರ್ ಎರಡರಲ್ಲೂ ಒಂದೇ ರೀತಿ ಕಾಣುತ್ತವೆ. ಪಾಪ್ ಅವುಗಳನ್ನು ನಿಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತದೆ. ಎರಡು ಸಾಧನ ಇರುವವರು ಐಮ್ಯಾಪ್ ಆರಿಸಿ. ಒಂದು ಎಚ್ಚರಿಕೆ: ಐಮ್ಯಾಪ್‌ನಲ್ಲಿ ಒಂದು ಕಡೆ ಅಳಿಸಿದ ಪತ್ರ ಎಲ್ಲ ಕಡೆಯೂ ಅಳಿಯುತ್ತದೆ.

ಜಿಮೇಲ್ ಖಾತೆಯಾದರೆ ಗೂಗಲ್‌ನ ಪ್ರವೇಶ ಪುಟ ಪ್ರತ್ಯೇಕವಾಗಿ ತೆರೆದುಕೊಂಡು ಒಪ್ಪಿಗೆ ಕೇಳುತ್ತದೆ. ಆ ಬಗೆಯ ಪ್ರವೇಶ ಗೊತ್ತಿಲ್ಲದ ತಂತ್ರಾಂಶಗಳಿಗೆ ಮಾಮೂಲಿ ಪಾಸ್‌ವರ್ಡ್ ನಡೆಯುವುದಿಲ್ಲ. ಅಂಥವಕ್ಕೆ ಗೂಗಲ್ ಖಾತೆಯಲ್ಲಿ ಎರಡು ಹಂತದ ಪರಿಶೀಲನೆಯನ್ನು ಚಾಲೂ ಮಾಡಿ, ಆ್ಯಪ್‌ಗೆಂದೇ ಬೇರೆ ಪಾಸ್‌ವರ್ಡ್ ಪಡೆಯಬೇಕು.

ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಗೋಪ್ಯತೆಯ ಪುಟಕ್ಕೆ ಹೋಗಿ. ಜಾಹೀರಾತು ಪತ್ರಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಚಿತ್ರವೊಂದನ್ನು ಇಟ್ಟಿರುತ್ತಾರೆ. ಪತ್ರ ತೆರೆದಾಗ ಆ ಚಿತ್ರ ಕಳುಹಿಸಿದವರ ಸರ್ವರ್‌ನಿಂದ ಬರುತ್ತದೆ. ಹಾಗಾಗಿ ನೀವು ಎಷ್ಟು ಹೊತ್ತಿಗೆ, ಯಾವ ಐಪಿ ವಿಳಾಸದಿಂದ (ಅಂತರ್ಜಾಲದಲ್ಲಿ ನಿಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆಯಿಂದ) ಪತ್ರ ಓದಿದಿರಿ ಎಂಬುದು ಅವರಿಗೆ ತಿಳಿಯುತ್ತದೆ. ಥಂಡರ್‌ಬರ್ಡ್ ಇಂಥ ಚಿತ್ರಗಳನ್ನು ತಾನಾಗಿಯೇ ತಡೆಯುತ್ತದೆ. ಆ ತಡೆಯನ್ನು ತೆಗೆಯಬೇಡಿ. ಥಂಡರ್‌ಬರ್ಡ್ ತನ್ನ ಬಳಕೆಯ ತಾಂತ್ರಿಕ ಮಾಹಿತಿಯನ್ನು ತಯಾರಕರಿಗೆ ಕಳುಹಿಸುವ ಒಂದು ಆಯ್ಕೆಯೂ ಅದೇ ಗೋಪ್ಯತೆಯ ಪುಟದಲ್ಲಿದೆ. ಅದಕ್ಕೆ ಹಾಕಿರುವ ಗುರುತನ್ನು ನಾನು ತೆಗೆದುಹಾಕುತ್ತೇನೆ, ನೀವೂ ತೆಗೆಯಿರಿ.

ಎಲ್ಲಿಯವರೆಗೆ ರಕ್ಷಣೆ?

ತಂತ್ರಾಂಶ ಸ್ವತಂತ್ರವಾದ ಮಾತ್ರಕ್ಕೆ ಪತ್ರ ಗುಟ್ಟಾಗಿ ಉಳಿಯುವುದಿಲ್ಲ. ಸೇವೆ ಕೊಡುವ ಕಂಪನಿಯ ಸರ್ವರ್‌ನಲ್ಲಿ ಅದು ಹಾಗೆಯೇ ಇರುತ್ತದೆ. ಗುಟ್ಟಾಗಿರಬೇಕಾದ ಪತ್ರಕ್ಕೆ ಓಪನ್‌ಪಿಜಿಪಿ ಎಂಬ ಗೂಢಲಿಪಿ ಬೇಕು. 2020ರಲ್ಲಿ ಬಂದ 78ನೇ ಆವೃತ್ತಿಯಿಂದ ಥಂಡರ್‌ಬರ್ಡ್‌ನೊಳಗೇ ಅದು ಇದೆ. ಆದರೆ ಬರೆಯುವವರು, ಓದುವವರು ಇಬ್ಬರಲ್ಲೂ ಆ ಗೂಢಲಿಪಿಯ ಕೀಲಿಗಳಿರಬೇಕು. ಯಾರು ಯಾರಿಗೆ ಯಾವಾಗ ಬರೆದರು ಎಂಬುದನ್ನು ಅದು ಮುಚ್ಚಿಡುವುದೂ ಇಲ್ಲ.

ಪರೀಕ್ಷೆ ಮಾಡಿ ನೋಡಿ

ನಾನು ಯಾವ ತಂತ್ರಾಂಶ ಹಾಕಿದರೂ ಮೊದಲ ದಿನವೇ ಒಂದು ಪರೀಕ್ಷೆ ಮಾಡುತ್ತೇನೆ. ನನ್ನದೇ ಇನ್ನೊಂದು ವಿಳಾಸಕ್ಕೆ ಪತ್ರ ಕಳುಹಿಸುತ್ತೇನೆ. ವಿಷಯದ ಸಾಲು ಕನ್ನಡದಲ್ಲಿ, ಒಕ್ಕಣೆ ಕನ್ನಡದಲ್ಲಿ, ಲಗತ್ತಿಸಿದ ಕಡತದ ಹೆಸರೂ ಕನ್ನಡದಲ್ಲಿ. ಮೂರೂ ಒತ್ತಕ್ಷರ ಕೆಡದೆ ತಲುಪಿದರೆ ಅರ್ಧ ಪಾಸು.

ಉಳಿದರ್ಧಕ್ಕೆ ಪತ್ರಗಳಿರುವ ಕಡತವನ್ನೇ ಹುಡುಕಬೇಕು. ಥಂಡರ್‌ಬರ್ಡ್‌ನ ‘ಹೆಲ್ಪ್’ ಮೆನುವಿನಿಂದ ಟ್ರಬಲ್‌ಶೂಟಿಂಗ್ ಮಾಹಿತಿಯ ಪುಟಕ್ಕೆ ಹೋಗಿ, ‘ಪ್ರೊಫೈಲ್ ಫೋಲ್ಡರ್’ ತೆರೆಯಿರಿ. ಅದರೊಳಗಿನ ಫೋಲ್ಡರ್‌ಗಳಲ್ಲಿ ನಿಮ್ಮ ಖಾತೆಯದರಲ್ಲಿ ‘ಇನ್‌ಬಾಕ್ಸ್’ ಎಂಬ ಹೆಸರಿನ, ಕೊನೆಗೆ ‘.txt’ನಂಥ ಬಾಲವಿಲ್ಲದ ಕಡತವಿರುತ್ತದೆ. ಅದು ದೊಡ್ಡದಾಗುವ ಮುನ್ನವೇ ಪ್ರತಿ ಮಾಡಿಕೊಂಡು, ಆ ಪ್ರತಿಯನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ‘ಫ್ರಮ್’ ಎಂದು ಶುರುವಾಗುವ ಸಾಲಿನಿಂದ ಪ್ರತಿ ಪತ್ರ ಆರಂಭ. ಕೆಳಗೆ ಕಳುಹಿಸಿದವರ ವಿಳಾಸ, ದಿನಾಂಕ, ವೇಳೆ. ಕನ್ನಡದ ಸಾಲುಗಳಿರಬೇಕಾದ ಕಡೆ ಇಂಗ್ಲಿಷ್ ಅಕ್ಷರಗಳ ಉದ್ದನೆಯ ಸರ ಕಂಡು ಗಾಬರಿಯಾಗಬೇಡಿ. ಪತ್ರ ಕೆಟ್ಟಿಲ್ಲ. ಅದು ಬೇಸ್64 ಎಂಬ, ಎಲ್ಲರಿಗೂ ತಿಳಿದಿರುವ ಬರವಣಿಗೆಯ ಕ್ರಮ. ಅದನ್ನು ಬಿಡಿಸಿ ಓದಬಲ್ಲ ಸಲಕರಣೆಗಳು ನೂರಾರಿವೆ. ಈ ಬಗೆಯ ಕಡತಕ್ಕೆ ‘ಎಂಬಾಕ್ಸ್’ ಎನ್ನುತ್ತಾರೆ. ಎವಲ್ಯೂಶನ್ ಇದನ್ನು ಓದುತ್ತದೆ, ಕ್ಲಾಸ್ ಮೇಲ್ ಕೂಡ ಆಮದು ಮಾಡಿಕೊಳ್ಳುತ್ತದೆ.

ನನ್ನ ಪ್ರೊಫೈಲ್ ಫೋಲ್ಡರನ್ನು ಪ್ರತಿ ತಿಂಗಳ ಮೊದಲ ಭಾನುವಾರ, ಥಂಡರ್‌ಬರ್ಡನ್ನು ಮುಚ್ಚಿ, ಹೊರಗಿನ ಹಾರ್ಡ್ ಡಿಸ್ಕಿಗೆ ಪ್ರತಿ ಮಾಡುತ್ತೇನೆ. ಅಪ್ಪನ ಪತ್ರಗಳಲ್ಲಿ ಉಳಿದುಬಂದ ಅರ್ಧವನ್ನೂ ಎಂಬಾಕ್ಸ್ ರೂಪಕ್ಕೆ ತಂದು ಅದೇ ಡಿಸ್ಕಿನಲ್ಲಿ ಇಟ್ಟಿದ್ದೇನೆ. ಅದರದೊಂದು ಪ್ರತಿ ಅಕ್ಕನ ಮನೆಯಲ್ಲೂ ಇದೆ.