ಶೆಫೀಲ್ಡ್‌ನಲ್ಲಿ ಮನೆ ಕೊಳ್ಳುವಾಗ ನಾವು ವಕೀಲರನ್ನು ಹುಡುಕಿದ ಬಗೆ

ನಮ್ಮಪ್ಪ ಹಾಸನದ ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರು ಮೂವತ್ತು ವರ್ಷ ಪತ್ರ ಬರೆದವರು. ಕ್ರಯಪತ್ರ, ಭೋಗ್ಯಪತ್ರ, ವಿಭಾಗಪತ್ರ ಎಲ್ಲಾ. ಅವರ ಮಗಳಾದ ನಾನು ಇಂಗ್ಲೆಂಡಿನಲ್ಲಿ ಮೊದಲ ಸಲ ಮನೆ ಕೊಳ್ಳಲು ಹೊರಟಾಗ ವಕೀಲರನ್ನು ಹತ್ತು ನಿಮಿಷದಲ್ಲಿ ಆರಿಸಿದ್ದೆ. ಬೆಲೆ ಹೋಲಿಸಿ ನೋಡುವ ವೆಬ್‌ಸೈಟಿನಲ್ಲಿ ಎಲ್ಲಕ್ಕಿಂತ ಕಡಿಮೆ ಫೀಸು ಯಾರದ್ದಿತ್ತೋ ಅವರಿಗೇ ಕೆಲಸ ಕೊಟ್ಟೆ. ಆ ಮನೆ ಕೈತಪ್ಪಿ ಹೋಯಿತು. ಎರಡನೇ ಸಲ ಹಾಗೆ ಮಾಡಲಿಲ್ಲ.

ಮೊದಲು ಇಲ್ಲಿನ ಪದ್ಧತಿ ಸ್ವಲ್ಪ ಹೇಳಬೇಕು. ನಮ್ಮೂರಲ್ಲಿ ಮಾತುಕತೆ ಮುಗಿದ ಕೂಡಲೇ ಮುಂಗಡ ಕೊಟ್ಟು ಅಗ್ರಿಮೆಂಟ್ ಮಾಡಿಕೊಳ್ಳುತ್ತೇವೆ. ಇಂಗ್ಲೆಂಡಿನಲ್ಲಿ ಮಾರುವವರು ನಿಮ್ಮ ಬೆಲೆಗೆ ಒಪ್ಪಿದರೂ ಅದು ಬರೀ ಮಾತು. ಎರಡೂ ಕಡೆಯ ವಕೀಲರು ಸಹಿಯಾದ ಕರಾರು ಪತ್ರಗಳನ್ನು ಪರಸ್ಪರ ವಿನಿಮಯ ಮಾಡಿಕೊಳ್ಳುವ ದಿನದವರೆಗೆ ಯಾರು ಬೇಕಾದರೂ ಹಿಂದೆ ಸರಿಯಬಹುದು. ಆ ವಿನಿಮಯಕ್ಕೆ 'ಎಕ್ಸ್‌ಚೇಂಜ್' ಅನ್ನುತ್ತಾರೆ. ಸಾಮಾನ್ಯವಾಗಿ ಬೆಲೆಯ ಶೇಕಡಾ 10ರಷ್ಟು ಕೊಡುವುದು ಆ ದಿನವೇ. ಅದಕ್ಕೂ ಮುಂಚಿನ ಎರಡು ಮೂರು ತಿಂಗಳು ಎಲ್ಲವೂ ವಕೀಲರ ಕೈಯಲ್ಲಿರುತ್ತದೆ. ಹಕ್ಕುಪತ್ರ ನೋಡುವುದು, ಕೌನ್ಸಿಲ್‌ನಿಂದ (ಅಂದರೆ ಇಲ್ಲಿನ ನಗರಸಭೆಯಿಂದ) ಮತ್ತು ಇತರ ಕಡೆಯಿಂದ ಮನೆಯ ವಿವರ ತರಿಸುವುದು (ಇದಕ್ಕೆ 'ಸರ್ಚ್' ಅನ್ನುತ್ತಾರೆ), ಎದುರು ಕಡೆಗೆ ಪ್ರಶ್ನೆ ಕಳಿಸುವುದು, ಬ್ಯಾಂಕಿಗೆ ವರದಿ ಕೊಡುವುದು ಎಲ್ಲ ಅವರದೇ ಕೆಲಸ. ಅವರು ನಿಧಾನ ಮಾಡಿದರೆ ಮನೆ ನಿಂತು ಕಾಯುವುದಿಲ್ಲ.

ನಮ್ಮ ಮೊದಲ ವಕೀಲರ ಕಚೇರಿ ಎಲ್ಲೋ ದೂರದ ಊರಿನಲ್ಲಿತ್ತು. ಫೋನ್ ಮಾಡಿದರೆ ಪ್ರತಿ ಸಲ ಬೇರೆ ದನಿ. ಫೈಲ್ ನಂಬರ್ ಹೇಳಿ, ಮೊದಲಿಂದ ಕತೆ ಹೇಳಬೇಕು. ಎದುರು ಕಡೆಯವರ ಉತ್ತರ ಬಂದು ಮೂರು ವಾರ ಯಾರೂ ತೆರೆದು ನೋಡಿರಲಿಲ್ಲ. ಹನ್ನೊಂದನೇ ವಾರಕ್ಕೆ ಮಾರುವವರಿಗೆ ತಾಳ್ಮೆ ಮುಗಿದು, ಬೇರೆಯವರಿಗೆ ಕೊಟ್ಟುಬಿಟ್ಟರು. ಸರ್ಚ್‌ಗಳಿಗೆ, ಕಟ್ಟಡದ ಸ್ಥಿತಿ ಪರೀಕ್ಷಿಸುವ ಸರ್ವೇಗೆ ಕಟ್ಟಿದ ದುಡ್ಡು ಹೋಯಿತು. ಆ ರಾತ್ರಿ ನಾನು ಅತ್ತಿದ್ದೆ. ಅಲ್ಲಿ ತೊಟ್ಟಿಲು ಎಲ್ಲಿಡಬೇಕು ಅಂತ ಕೂಡ ಅಂದುಕೊಂಡಾಗಿತ್ತು.

ಆಮೇಲೆ ಸಿಕ್ಕಿದ್ದು ವಾಕ್ಲಿಯ ಮನೆ. ಶೆಫೀಲ್ಡ್ ನೋಡಿದವರಿಗೆ ಗೊತ್ತು, ಅದು ಏರಿನ ಮೇಲಿರುವ ಬಡಾವಣೆ. ಉದ್ದಕ್ಕೂ ಅಂಟಿಕೊಂಡ ಇಟ್ಟಿಗೆ ಮನೆಗಳು. ಬೆಲೆ 2,10,000 ಪೌಂಡ್‌ಗೆ ಒಪ್ಪಂದವಾಯಿತು. ಮಾರಾಟದ ಏಜೆಂಟ್ ಅವತ್ತೇ ಹೇಳಿದರು, "ನಮ್ಮ ವಕೀಲರನ್ನೇ ಇಟ್ಟುಕೊಳ್ಳಿ, ಬೇಗ ಆಗುತ್ತೆ." ಹೀಗೆ ಗಿರಾಕಿ ಕಳಿಸಿದರೆ ಏಜೆಂಟರಿಗೆ ವಕೀಲರಿಂದ ದುಡ್ಡು ಬರುವುದುಂಟು. ಅದು ಅಪರಾಧವಲ್ಲ, ಆದರೆ ನಮಗೆ ಹೇಳಬೇಕು. ಎಷ್ಟು ಅಂತ ಕೇಳಿದೆ, ಹೇಳಿದರು. ಬೇಡ ಅಂದೆ. ನನ್ನ ವಕೀಲರು ನನ್ನ ಬಾಯಿಂದಲೇ ಕೆಲಸ ಪಡೆಯಲಿ ಅನ್ನಿಸಿತು. ಮಾರಾಟ ಮುಗಿಯಲಿ ಅಂತ ಕಾಯುವವರ ಬಾಯಿಂದ ಬೇಡ.

ಮೂರು ಹೆಸರು ಬರೆದುಕೊಂಡೆ. ಒಂದು, ಪಕ್ಕದ ಕ್ರುಕ್ಸ್‌ನಲ್ಲಿ ಮನೆ ಕೊಂಡ ದಾವಣಗೆರೆಯ ಕುಟುಂಬ ಹೇಳಿದ್ದು. ಇನ್ನೊಂದು, ಆಫೀಸಿನ ಸಹೋದ್ಯೋಗಿ ಹೇಳಿದ್ದು. ಮೂರನೆಯದು ನಾನು ದಿನಾ ಬಸ್ಸಿನಿಂದ ನೋಡುತ್ತಿದ್ದ ಬೋರ್ಡು. ಇಲ್ಲಿ ಈ ಕೆಲಸ ಮಾಡುವವರಲ್ಲಿ ಎರಡು ಬಗೆ. ಎಲ್ಲ ಬಗೆಯ ಕಾನೂನು ಕೆಲಸ ಮಾಡಬಲ್ಲ ಸಾಲಿಸಿಟರ್‌ಗಳು, ಮತ್ತು ಬರೀ ಮನೆ ಜಮೀನಿನ ವ್ಯವಹಾರವನ್ನೇ ಮಾಡುವ ಲೈಸೆನ್ಸ್ ಪಡೆದ ಕನ್ವೇಯನ್ಸರ್‌ಗಳು. ಇಬ್ಬರೂ ಸರಿಯೇ. ಸಾಲಿಸಿಟರ್ ಆದರೆ ಅವರ ಮೇಲೆ ನಿಗಾ ಇಡುವ ಸಾಲಿಸಿಟರ್ಸ್ ರೆಗ್ಯುಲೇಷನ್ ಅಥಾರಿಟಿಯ ವೆಬ್‌ಸೈಟಿನಲ್ಲಿ ಹೆಸರು ಇದೆಯೇ, ಶಿಸ್ತುಕ್ರಮ ಏನಾದರೂ ಆಗಿದೆಯೇ ಅಂತ ಯಾರು ಬೇಕಾದರೂ ನೋಡಬಹುದು. ನಾನು ನೋಡಿದೆ. ಸಾಲಿಸಿಟರ್‌ಗಳ ಸಂಘವಾದ ಲಾ ಸೊಸೈಟಿ ಮನೆ ವ್ಯವಹಾರದ ಕೆಲಸದ ಗುಣಮಟ್ಟಕ್ಕೆ ಕೊಡುವ 'ಕನ್ವೇಯನ್ಸಿಂಗ್ ಕ್ವಾಲಿಟಿ ಸ್ಕೀಮ್' ಮುದ್ರೆ ಇದೆಯಾ ಅಂತಲೂ ನೋಡಿದೆ.

ಆಮೇಲೆ ನಮಗೆ ಸಾಲ ಕೊಡುವ ಬ್ಯಾಂಕಿಗೆ ಫೋನ್ ಮಾಡಿದೆ. ಇದನ್ನು ಎಲ್ಲಕ್ಕಿಂತ ಮೊದಲು ಮಾಡಬೇಕಿತ್ತು. ಇಲ್ಲಿ ಸಾಮಾನ್ಯವಾಗಿ ನಮ್ಮ ವಕೀಲರೇ ಬ್ಯಾಂಕಿನ ಪರವಾಗಿಯೂ ಕೆಲಸ ಮಾಡುತ್ತಾರೆ. ಅದಕ್ಕೆ ಅವರು ಬ್ಯಾಂಕಿನ ಪಟ್ಟಿಯಲ್ಲಿ ಇರಬೇಕು. ಇಲ್ಲದಿದ್ದರೆ ಬ್ಯಾಂಕ್ ಇನ್ನೊಬ್ಬ ವಕೀಲರನ್ನು ಇಡುತ್ತದೆ, ಆ ಖರ್ಚೂ ನಮ್ಮ ಮೇಲೆ. ಮೂರರಲ್ಲಿ ಒಂದು ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಅದನ್ನು ಹೊಡೆದುಹಾಕಿದೆ.

ಉಳಿದಿಬ್ಬರಿಗೂ ಫೋನ್ ಮಾಡಿ ಒಂದೇ ರೀತಿ ಕೇಳಿದೆ. ನನ್ನ ಫೈಲ್ ಯಾರು ನೋಡುತ್ತಾರೆ? ಅವರು ರಜೆ ಹೋದರೆ ಯಾರು? ಫೀಸು ಕೊನೆವರೆಗೂ ಅಷ್ಟೇನಾ? ಫೀಸಿನ ಬಗ್ಗೆ ನನಗೆ ಮೊದಲ ಸಲವೇ ಪಾಠವಾಗಿತ್ತು. 595 ಪೌಂಡ್ ಅಂತ ಶುರುವಾದದ್ದು ಲೀಸ್ ಮನೆಗೆ (ನೆಲದ ಒಡೆತನ ಬೇರೆಯವರದ್ದಾಗಿ, ದೀರ್ಘ ಅವಧಿಗೆ ನಮ್ಮ ಕೈಗೆ ಬರುವ ಮನೆ) ಇಷ್ಟು, ತಂದೆ ತಾಯಿ ಕೊಟ್ಟ ದುಡ್ಡಿದ್ದರೆ ಇಷ್ಟು, ಸ್ಟ್ಯಾಂಪ್ ಡ್ಯೂಟಿ ರಿಟರ್ನ್‌ಗೆ ಇಷ್ಟು, ಬ್ಯಾಂಕ್ ವರ್ಗಾವಣೆಗೆ ಇಷ್ಟು ಅಂತ ಏರಿ ಸಾವಿರ ದಾಟಿತ್ತು. ಅದರ ಮೇಲೆ ಶೇಕಡಾ 20 ವ್ಯಾಟ್. ಈ ಸಲ ಎಲ್ಲವನ್ನೂ ಮೊದಲೇ ಹೇಳಿ, ಒಟ್ಟು ಮೊತ್ತವನ್ನು ಬರವಣಿಗೆಯಲ್ಲಿ ಕೇಳಿದೆ.

ಆದರೆ ನಾನು ನಿರ್ಧಾರ ಮಾಡಿದ್ದು ಇನ್ನೊಂದು ಪ್ರಶ್ನೆಯ ಮೇಲೆ. "ವಾಕ್ಲಿಯಲ್ಲಿ ಹಳೇ ಮನೆ ಕೊಳ್ತಿದ್ದೀವಿ. ನೀವು ಏನೇನು ನೋಡ್ತೀರಿ?"

ಮೊದಲನೆಯವರು "ಎಂದಿನ ಸರ್ಚ್‌ಗಳೆಲ್ಲ ಮಾಡ್ತೀವಿ" ಅಂದರು. ಎರಡನೆಯವರು, ಕ್ರುಕ್ಸ್‌ನ ಕುಟುಂಬ ಹೇಳಿದ್ದ ವಕೀಲೆ, ನನಗೇ ಪ್ರಶ್ನೆ ಹಾಕಿದರು. "800 ವರ್ಷದ ಲೀಸ್ ಇರಬೇಕು, ಅಲ್ವಾ? ಎರಡು ಮನೆ ನಡುವೆ ಜೆನೆಲ್ ಇದೆಯಾ? ಅದರ ಮೇಲಿನ ಕೋಣೆ ಯಾರದ್ದು? ಕಸದ ಡಬ್ಬಿ ತೆಗೆದುಕೊಂಡು ಹೋಗೋಕೆ ಪಕ್ಕದವರ ಹಿತ್ತಿಲು ದಾಟಬೇಕಾ? ಅಡಿಗೆಮನೆ ಆಮೇಲೆ ಕಟ್ಟಿದ್ದಾ?" ಕಲ್ಲಿದ್ದಲು ಗಣಿಯ ಸರ್ಚ್ ಬೇಕೇ ಬೇಕು ಅಂದರು. ಏರಿನ ಮೇಲಿರುವುದರಿಂದ 2007ರ ಪ್ರವಾಹದಂಥದ್ದರ ಚಿಂತೆ ಕಡಿಮೆ, ಕೆಳಗೆ ಹಿಲ್ಸ್‌ಬರೋ ಕಡೆ ಕೊಂಡಿದ್ದರೆ ಬೇರೆ ಮಾತು ಅಂದರು. ಅವರಿನ್ನೂ ಒಂದು ಕಾಗದವನ್ನೂ ನೋಡಿರಲಿಲ್ಲ. ಆ ಬೀದಿಗಳನ್ನು ಬಲ್ಲವರು ಮಾತ್ರ ಹೀಗೆ ಕೇಳಲು ಸಾಧ್ಯ. ಫೀಸು 1,150 ಪೌಂಡ್, ಮೇಲೆ ವ್ಯಾಟ್. ಒಪ್ಪಿದೆ.

ಜೆನೆಲ್ ಅಂದರೆ ಎರಡು ಮನೆಗಳ ನಡುವೆ ಹಿತ್ತಿಲಿಗೆ ಹೋಗುವ ಕಿರಿದಾದ ಓಣಿ. ಕೆಳಗೆ ಓಣಿ, ಮೇಲೆ ಕೋಣೆ. ಲ್ಯಾಂಡ್ ರಿಜಿಸ್ಟ್ರಿಯ ನಕ್ಷೆಯಲ್ಲಿ ಕಾಣುವುದು ನೆಲದ ಗಡಿ. ಮೇಲಿನ ಕೋಣೆ ನಮ್ಮದೋ ಪಕ್ಕದವರದೋ ಅಂತ ಅದರಿಂದ ಗೊತ್ತಾಗದೆ ಇರಬಹುದು. ನಮ್ಮ ಮನೆಯಲ್ಲಿ ಆ ಕೋಣೆಯೇ ದೊಡ್ಡ ಮಲಗುವ ಕೋಣೆ. ವಕೀಲೆ 1905ರ ಮೂಲ ಲೀಸಿನ ಪ್ರತಿ ತರಿಸಿ ಓದಿದರು. ಓಣಿಯ ಮೇಲಿನ ಕೋಣೆ ಈ ಮನೆಗೇ ಸೇರಿದ್ದು ಅನ್ನುವ ಸಾಲು ಅದರಲ್ಲಿತ್ತು.

ಲೀಸ್ ಅನ್ನುವ ಪದ ಕೇಳಿ ಅಪ್ಪ ಗಾಬರಿಯಾದರು. "ಏನಮ್ಮಾ, ಅಷ್ಟು ದುಡ್ಡು ಕೊಟ್ಟು ಮನೆ ಭೋಗ್ಯಕ್ಕೆ ಹಾಕ್ಕೊಳ್ತಿದ್ದೀಯಾ? ಭೋಗ್ಯದ ಪತ್ರ ನಾನೆಷ್ಟು ಬರೆದಿಲ್ಲ!" ಭೋಗ್ಯದ ಹಾಗೆ ದುಡ್ಡು ವಾಪಸ್ ಬರುವ ಲೆಕ್ಕ ಇದಲ್ಲ, ಇನ್ನೂ ಆರುನೂರ ಎಂಬತ್ತು ವರ್ಷ ಬಾಕಿ ಇದೆ, ನೆಲದ ಬಾಡಿಗೆ ವರ್ಷಕ್ಕೆ ಮೂರು ಪೌಂಡ್ ಚಿಲ್ಲರೆ ಅಂತ ವಿವರಿಸಿದೆ. ಶೆಫೀಲ್ಡ್‌ನಲ್ಲಿ ಇಂಥ ಮನೆ ತುಂಬಾ ಇವೆ. ಇಲ್ಲಿನವರಿಗೆ ಇದು ಮಾಮೂಲು. ಹೊರಗಿನ ವಕೀಲರು ಇದನ್ನೇ ದೊಡ್ಡ ತೊಡಕು ಅಂದುಕೊಂಡು ವಾರಗಟ್ಟಲೆ ಪತ್ರ ಬರೆಯುತ್ತಾ ಕೂತಿರುತ್ತಿದ್ದರು.

ದುಡ್ಡಿನ ಮೂಲದ ವಿಚಾರ ನಮ್ಮಂಥವರಿಗೆ ಬಹಳ ಮುಖ್ಯ. ಅಪ್ಪ ಹಾಸನದ ಒಂದು ಸೈಟ್ ಮಾರಿ ನಮಗೆ ಹಣ ಕಳಿಸಿದ್ದರು. ಅಕ್ರಮ ಹಣ ತಡೆಯುವ ಕಾನೂನಿನಡಿ, ಆ ದುಡ್ಡು ಎಲ್ಲಿಂದ ಬಂತು ಅಂತ ಇಲ್ಲಿನ ವಕೀಲರು ಕಾಗದ ಸಮೇತ ನೋಡಲೇಬೇಕು. ಸೈಟಿನ ಕ್ರಯಪತ್ರ ಕನ್ನಡದಲ್ಲಿತ್ತು. ಅಪ್ಪ ತಾವೇ ಇಂಗ್ಲಿಷಿಗೆ ಬರೆದುಕೊಡುತ್ತೇನೆ ಅಂದರು. ದುಡ್ಡು ಕೊಡುವವರೇ ಅನುವಾದ ಮಾಡಿದರೆ ನಡೆಯದು ಅಂತ ವಕೀಲೆ ಹೇಳಿದರು. ಹಾಸನದಲ್ಲೇ ಬೇರೊಬ್ಬರಿಂದ ಅನುವಾದ ಮಾಡಿಸಿ, ನೋಟರಿ ಮುದ್ರೆ ಹಾಕಿಸಿ, ಅಪ್ಪನ ಪಾಸ್‌ಬುಕ್ ಪುಟಗಳು, ಹಣ ಕಳಿಸಿದ ಬ್ಯಾಂಕ್ ಕಾಗದ, ಇದು ಸಾಲವಲ್ಲ ಉಡುಗೊರೆ ಅನ್ನುವ ಪತ್ರ, ಎಲ್ಲಾ ಸೇರಿಸಿ ಮೊದಲ ವಾರವೇ ಕೊಟ್ಟೆವು. ಊರಿಂದ ದುಡ್ಡು ತರಿಸುವವರು ಮನೆ ಹುಡುಕುವ ಮೊದಲೇ ಈ ಕಟ್ಟು ಸಿದ್ಧ ಮಾಡಿಟ್ಟುಕೊಳ್ಳಿ. ಕಳಿಸುವವರಿಗೆ ಭಾರತದಲ್ಲಿ ಒಂದು ಹಣಕಾಸು ವರ್ಷಕ್ಕೆ ತಲಾ 2,50,000 ಡಾಲರ್ ಮಿತಿ ಇದೆ. ಮಾರ್ಚ್ ಏಪ್ರಿಲ್ ನಡುವೆ ಕೊಳ್ಳುವವರು ಇದನ್ನೂ ನೋಡಿಕೊಳ್ಳಬೇಕು.

ಇನ್ನೊಂದು ವಿಷಯವನ್ನಂತೂ ಮೊದಲ ವಕೀಲರು ಕೇಳಿಯೇ ಇರಲಿಲ್ಲ. ಈಕೆ ಮೊದಲ ಭೇಟಿಯಲ್ಲೇ ಕೇಳಿದರು. "ನಿಮ್ಮಿಬ್ಬರಲ್ಲಿ ಯಾರ ಹೆಸರಲ್ಲಾದರೂ, ಪ್ರಪಂಚದ ಯಾವ ಮೂಲೆಯಲ್ಲಾದರೂ ಮನೆ ಇದೆಯಾ?"

ಇತ್ತು. ನನ್ನ ಗಂಡ ಮತ್ತು ಅವರ ಅಣ್ಣ ಸೇರಿ ಮೈಸೂರಲ್ಲಿ ಒಂದು ಚಿಕ್ಕ ಮನೆ ಕೊಂಡಿದ್ದರು. ಅದು ಇಲ್ಲಿ ಲೆಕ್ಕಕ್ಕೆ ಬರುತ್ತದೆ ಅಂತ ನಮಗೆ ಹೊಳೆದೇ ಇರಲಿಲ್ಲ. ಮೊದಲ ಸಲ ಮನೆ ಕೊಳ್ಳುವವರಿಗೆ 3,00,000 ಪೌಂಡ್‌ವರೆಗೆ ಸ್ಟ್ಯಾಂಪ್ ಡ್ಯೂಟಿ ಇಲ್ಲ. ಆದರೆ ಮೊದಲ ಸಲ ಅಂದರೆ ಇಡೀ ಪ್ರಪಂಚದಲ್ಲೇ ಮೊದಲ ಸಲ. ಸಾಲ ಇಬ್ಬರ ಸಂಬಳದ ಮೇಲೆ, ಮನೆ ಇಬ್ಬರ ಹೆಸರಲ್ಲಿ. ಹಾಗಾಗಿ ಆ ರಿಯಾಯಿತಿ ನಮಗಿಲ್ಲ. 1,25,000ದ ಮೇಲಿನ 85,000ಕ್ಕೆ ಶೇಕಡಾ 2ರಂತೆ 1,700 ಪೌಂಡ್ ಕಟ್ಟಬೇಕು. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಬೇರೆ ಮನೆ ಇರುವವರು ಇನ್ನೊಂದು ಕೊಂಡರೆ ಪೂರ್ತಿ ಬೆಲೆಯ ಮೇಲೆ ಶೇಕಡಾ 5 ಜಾಸ್ತಿ. ನಮ್ಮ ಲೆಕ್ಕದಲ್ಲಿ 10,500 ಪೌಂಡ್. ನನ್ನೊಬ್ಬಳ ಹೆಸರಲ್ಲೇ ಕೊಂಡರೆ ಅಂತ ಕೇಳಿದೆ. ಒಟ್ಟಿಗಿರುವ ಗಂಡ ಹೆಂಡತಿಯನ್ನು ಈ ವಿಷಯದಲ್ಲಿ ಒಂದೇ ಅಂತ ನೋಡುತ್ತಾರೆ ಅಂದರು. ಆದರೆ ಆ ಪಾಲಿನ ಬೆಲೆ 40,000 ಪೌಂಡ್‌ಗಿಂತ ಕಡಿಮೆ ಇದ್ದರೆ ಹೆಚ್ಚಿನ ತೆರಿಗೆ ಇಲ್ಲ. ಮೈಸೂರಿನ ಎಂಜಿನಿಯರ್ ಒಬ್ಬರಿಂದ ವ್ಯಾಲ್ಯುಯೇಷನ್ ಬರೆಸಿ ತಂದೆವು. ಗಂಡನ ಅರ್ಧ ಪಾಲು ಅದಕ್ಕಿಂತ ತುಂಬಾ ಕಡಿಮೆ ಇತ್ತು. 1,700 ಕಟ್ಟಿ ನೆಮ್ಮದಿಯಾಗಿ ಉಸಿರಾಡಿದೆವು. ಮೊದಲ ಮನೆ ಕೈಗೆ ಬಂದಿದ್ದರೆ ನಾವು ಗೊತ್ತಿಲ್ಲದೆ ಸರ್ಕಾರಕ್ಕೆ ತಪ್ಪು ಲೆಕ್ಕ ಕೊಟ್ಟಿರುತ್ತಿದ್ದೆವು. ಅದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಅಡಿಗೆಮನೆಯ ಬಗ್ಗೆ ಅವರ ಊಹೆ ಸರಿಯಾಗಿತ್ತು. ಹಿಂದೆ ಯಾರೋ ಹಿತ್ತಿಲ ಕಡೆ ಬೆಳೆಸಿ ಕಟ್ಟಿದ್ದರು, ಕೌನ್ಸಿಲ್‌ನ ಸರ್ಟಿಫಿಕೇಟ್ ಇರಲಿಲ್ಲ. ನಾನೇ ಕೌನ್ಸಿಲ್‌ಗೆ ಫೋನ್ ಮಾಡಿ ಕೇಳಿಬಿಡೋಣ ಅಂತಿದ್ದೆ. ವಕೀಲೆಗೆ ಒಂದು ಮಾತು ಹೇಳಿ ಮಾಡೋಣ ಅಂತ ಫೋನ್ ಮಾಡಿದ್ದು ಒಳ್ಳೆಯದಾಯಿತು. ಕೌನ್ಸಿಲ್‌ಗೆ ಒಮ್ಮೆ ಸುದ್ದಿ ಮುಟ್ಟಿದರೆ, ಇಂಥ ಕೊರತೆಗೆ ಸಿಗುವ ವಿಮೆ ಸಿಗುವುದಿಲ್ಲವಂತೆ. ಕಟ್ಟಡ ಗಟ್ಟಿಯಾಗಿದೆ ಅಂತ ಸರ್ವೇಯರ್ ಬರೆದುಕೊಟ್ಟಿದ್ದರು. ಮಾರುವವರ ಖರ್ಚಿನಲ್ಲೇ ವಿಮೆ ಮಾಡಿಸಿದರು.

ಹಣ ಕಳಿಸುವ ದಿನದ ಬಗ್ಗೆ ಅವರ ಮೊದಲ ಪತ್ರದಲ್ಲೇ ದಪ್ಪ ಅಕ್ಷರದಲ್ಲಿತ್ತು: ನಮ್ಮ ಬ್ಯಾಂಕ್ ಖಾತೆ ಬದಲಾಗುವುದಿಲ್ಲ, ಬದಲಾಗಿದೆ ಅಂತ ಇಮೇಲ್ ಬಂದರೆ ನಂಬಬೇಡಿ. ನಾನು ಅವರ ಕಚೇರಿಗೇ ಹೋಗಿ ಖಾತೆ ನಂಬರ್ ಬರೆದುಕೊಂಡು ಬಂದೆ. ಮೊದಲು ಒಂದು ಪೌಂಡ್ ಕಳಿಸಿ, ಬಂತಾ ಅಂತ ಫೋನಲ್ಲಿ ಕೇಳಿ, ಆಮೇಲೆ ಉಳಿದದ್ದು ಕಳಿಸಿದೆ. ಹತ್ತಿರದ ವಕೀಲರು ಬೇಕು ಅನ್ನುವುದಕ್ಕೆ ನನಗೆ ಇದೂ ಒಂದು ಕಾರಣ. ಇಲ್ಲಿ ಕೆಲಸವೆಲ್ಲ ಇಮೇಲಲ್ಲೇ ನಡೆಯುತ್ತೆ, ಹೋಗಲೇಬೇಕು ಅಂತೇನಿಲ್ಲ. ಆದರೆ ಜೀವಮಾನದ ಉಳಿತಾಯ ಕಳಿಸುವ ದಿನ ನಡೆದು ಹೋಗಬಹುದಾದ ಒಂದು ಬಾಗಿಲು ಇತ್ತು.

ಮನೆ ಕೈಗೆ ಬಂದಿದ್ದು ಒಂಬತ್ತನೇ ವಾರ, ಒಂದು ಮಂಗಳವಾರ. ಎಲ್ಲರೂ ಶುಕ್ರವಾರವೇ ಕೇಳುತ್ತಾರೆ, ಅವತ್ತು ದುಡ್ಡು ಸಿಕ್ಕಿಹಾಕಿಕೊಂಡರೆ ಸೋಮವಾರದವರೆಗೆ ಬೀದಿಯಲ್ಲಿ ನಿಲ್ಲಬೇಕು ಅಂತ ದಿನ ಬದಲಿಸಿದ್ದೂ ಅವರೇ. 14 ದಿನದೊಳಗೆ ತೆರಿಗೆ ರಿಟರ್ನ್ ಸಲ್ಲಿಸಿ, ನೋಂದಣಿಗೂ ಕಳಿಸಿದರು.

ಅಪ್ಪ ವಿಡಿಯೊ ಕಾಲ್‌ನಲ್ಲಿ ಕೇಳಿದ್ದು ಒಂದೇ. "ಪತ್ರ ಎಲ್ಲಿ, ಪತ್ರ?" ಇಲ್ಲಿ ಹಕ್ಕಿನ ದಾಖಲೆ ಇರುವುದು ಲ್ಯಾಂಡ್ ರಿಜಿಸ್ಟ್ರಿಯ ಕಂಪ್ಯೂಟರಿನಲ್ಲಿ. ಕೈಗೆ ಕಾಗದ ಕೊಡುವುದಿಲ್ಲ ಅಂದೆ. ಅವರ ಮುಖ ಸಣ್ಣಗಾಯಿತು. ಮರುವಾರ ವಕೀಲೆ ಕರೆದು ಒಂದು ಲಕೋಟೆ ಕೊಟ್ಟರು. ಮಾರಿದವರು ಕಾಪಾಡಿಟ್ಟಿದ್ದ 1905ರ ಮೂಲ ಲೀಸ್. ದಪ್ಪ ಹಾಳೆ, ಕೈಬರಹ, ಕೊನೆಯಲ್ಲಿ ಅರಗಿನ ಮುದ್ರೆ. ಅದನ್ನು ಕ್ಯಾಮೆರಾ ಮುಂದೆ ಹಿಡಿದೆ. ಅಪ್ಪ ಕನ್ನಡಕ ಹಾಕಿಕೊಂಡು, "ಚೆಕ್ಕುಬಂದಿ ಎಲ್ಲಿದೆ ನೋಡು, ಅದನ್ನ ಮೊದಲು ಓದು" ಅಂದರು. ಪೂರ್ವಕ್ಕೆ, ಪಶ್ಚಿಮಕ್ಕೆ ಅಂತ ಒಂದೊಂದೇ ಸಾಲು ಓದುತ್ತಾ ಹೋದೆ.